ಬ್ಲಾಕು ಇಲ್ಲಿ, ಹೆಡ್ಡು ಅಲ್ಲಿ

ತಟ್ಟೆ ಲೋಟಗಳನ್ನು ಮುಗಿಸಿ ದೊಡ್ಡ ಸೊಸೆ ಟ್ಯಾಪೆಟ್ ಕವರಿಗೆ ಕೈ ಹಾಕಿದ್ದಳು. ಆ ಮನೆಯಲ್ಲಿ ಪಾತ್ರೆಗಳೆಂದರೆ ಎರಡು ಬಗೆ, ಅಡುಗೆಮನೆಯವು ಮತ್ತು ಗಾಡಿ ರಿಪೇರಿಯ ಷೆಡ್ಡಿನವು. ಅಡುಗೆಮನೆಯವಕ್ಕೆ ಸೋಪು, ಷೆಡ್ಡಿನವಕ್ಕೆ ಸೀಮೆಎಣ್ಣೆ. ತೊಳೆಯುವ ತೊಟ್ಟಿ ಮಾತ್ರ ಒಂದೇ, ತೊಳೆಯುವ ಕೈಯೂ ಒಂದೇ. ಟ್ಯಾಪೆಟ್ ಕವರೆಂದರೆ ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಉದ್ದನೆಯ ತಗಡಿನ ಮುಚ್ಚಳ. ನೋಡಿದರೆ ಬ್ರೆಡ್ಡು ಬೇಯಿಸುವ ಅಚ್ಚಿನಂತಿರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಅದನ್ನು ಸೋಪಿನಲ್ಲಿ ತೊಳೆದು, ತಟ್ಟೆಗಳ ಪಕ್ಕದಲ್ಲಿ ಬೋರಲು ಹಾಕಿ ಇಟ್ಟಿದ್ದಳು. ಆ ಕಥೆಯನ್ನು ಅವಳ ಅತ್ತೆ ಬಂದವರಿಗೆಲ್ಲ ಈಗಲೂ ಹೇಳುತ್ತಾಳೆ, ಕೇಳಿದವರಿಗೂ ಇನ್ನೊಮ್ಮೆ ಹೇಳುತ್ತಾಳೆ.

ಕವರಿನ ಒಳಮೈಯ ಜಿಡ್ಡು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಯಾವುದೋ ಲಾರಿ ನಿಂತ ಸದ್ದಾಯಿತು. ಅವಳ ಮಗಳ ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದಿದ್ದರು. ಮಗಳು ಸ್ಟೀರಿಂಗ್ ಹಿಡಿದು ಕೂತೇ ಇದ್ದಳು, ಮುಖ ಕೆಂಪಾಗಿತ್ತು. ವ್ಯಾನಿನ ಹಿಂಭಾಗದಲ್ಲಿ ಆಸ್ಪತ್ರೆಯ ಮೈಲಿಗೆ ಹಾಸಿಗೆ ಬಟ್ಟೆಗಳ ಗಂಟುಗಳು ಹಾಗೇ ಬಿದ್ದಿದ್ದವು. ಊರಿನ ದೊಡ್ಡ ಲಾಂಡ್ರಿಗೆ ಬಟ್ಟೆ ಸಾಗಿಸುವ ಕೆಲಸ ಅವಳದು. ವ್ಯಾನು ಅವಳದೇ, ಆ ಕೆಲಸವನ್ನು ಅವಳೇ ಓಡಾಡಿ ಹಿಡಿದದ್ದು.

"ನೀರು ಕುದಿಯೋಕೆ ಶುರುವಾಯ್ತು. ತಕ್ಷಣ ನಿಲ್ಲಿಸಿದೆ. ಆದ್ರೂ ಒಳಗೆ ಏನೋ ಆಗಿದೆ ಅಪ್ಪ," ಎಂದಳು.

ಅವಳ ಅಪ್ಪನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಮೇಸ್ತ್ರಿ ಬಾನೆಟ್ಟು ಎತ್ತಿದ. ಸಂಜೆಯ ಹೊತ್ತಿಗೆ ಎಂಜಿನ್ನಿನ ಹೆಡ್ಡು, ಅಂದರೆ ಸಿಲಿಂಡರುಗಳ ಮೇಲೆ ಕೂರುವ ದಪ್ಪ ಕಬ್ಬಿಣದ ಭಾಗ, ಬಿಚ್ಚಿ ಬೆಂಚಿನ ಮೇಲೆ ಬಂತು. ನಡುವಿನ ಎರಡು ಸಿಲಿಂಡರುಗಳ ಜಾಗದಲ್ಲಿ ವಾಲ್ವಿನಿಂದ ವಾಲ್ವಿಗೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಮೇಸ್ತ್ರಿ ಉಗುರಿನಿಂದ ಅದನ್ನು ಕೆರೆದು ನೋಡಿದ. ಉಗುರು ಸಿಕ್ಕಿಕೊಂಡಿತು.

ಈ ಮನೆ ಅನ್ನ ತಿಂದದ್ದು ಒಂದೇ ಕುಲದ ಎಂಜಿನ್ನುಗಳಿಂದ. ದೊಡ್ಡ ಯುದ್ಧ ಮುಗಿದ ಕೆಲವು ವರ್ಷಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿದ ಪುಟ್ಟ ಎಂಜಿನ್ನು ಅದು. ಮೊದಲು ಚಿಕ್ಕದೊಂದು ಬಂತು. ಆಮೇಲೆ ಅದರದ್ದೇ ಮೈಯನ್ನು ಅಷ್ಟು ಅಗಲಿಸಿ, ಇಷ್ಟು ಎಳೆದು ಇನ್ನೊಂದು ಮಾಡಿದರು, ಅದನ್ನೂ ಹಿಗ್ಗಿಸಿ ಮತ್ತೊಂದು ಮಾಡಿದರು. ಮನೆಮಂದಿ ಕೂರುವ ಕಾರಿಗೂ ಅದೇ, ಸಾಮಾನು ಹೇರುವ ವ್ಯಾನಿಗೂ ಅದೇ, ಇಬ್ಬರೇ ಕೂತು ಷೋಕಿಗೆ ಓಡಿಸುವ ಕಾರಿಗೂ ಅದೇ. ಒಂದರಲ್ಲಿ ಉದ್ದಕ್ಕೆ ಮಲಗಿಸಿದರು, ಇನ್ನೊಂದರಲ್ಲಿ ಅಡ್ಡಕ್ಕೆ ತಿರುಗಿಸಿದರು. ಮೇಸ್ತ್ರಿಯ ಅಪ್ಪ ಅವುಗಳಿಗೆ ಚಿಕ್ಕವಳು, ನಡುವಿನವಳು, ದೊಡ್ಡವಳು ಎಂದು ಹೆಸರಿಟ್ಟಿದ್ದ. ಕೆಲವು ಭಾಗಗಳು ಒಬ್ಬಳವು ಇನ್ನೊಬ್ಬಳಿಗೆ ಆಗುತ್ತಿದ್ದವು, ಕೆಲವು ಆಗುತ್ತಿರಲಿಲ್ಲ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದೇ ಆ ಷೆಡ್ಡಿನ ವಿದ್ಯೆ. ಮಗಳ ವ್ಯಾನಿನಲ್ಲಿ ಇದ್ದದ್ದು ನಡುವಿನವಳು.

ಬಿರುಕನ್ನು ಬೆಸೆಯಲು ಬರುವುದಿಲ್ಲ. ಬೇರೆ ಹೆಡ್ಡೇ ಬೇಕು. ಆದರೆ ಷೆಡ್ಡಿನಲ್ಲಿ ಒಂದೇ ಒಂದು ಹೆಡ್ಡೂ ಇರಲಿಲ್ಲ. ಗೋಡೆಯುದ್ದಕ್ಕೆ ಬರೀ ಬ್ಲಾಕುಗಳು, ಅಂದರೆ ಎಂಜಿನ್ನಿನ ಕೆಳಗಿನ ದೇಹಗಳು, ತಲೆಯಿಲ್ಲದೆ ಸಾಲಾಗಿ ಕೂತಿದ್ದವು.

ಹಾಗಾದದ್ದು ಮೇಸ್ತ್ರಿ ಮತ್ತು ಅವನ ತಮ್ಮನ ನಡುವಿನ ಪಾಲಿನಿಂದ. ಅಪ್ಪ ಸತ್ತ ಮೇಲೆ ತಮ್ಮ, ಹೊಸ ಕಾರುಗಳನ್ನೂ ರಿಪೇರಿಗೆ ತೆಗೆದುಕೊಳ್ಳೋಣ ಎಂದ. ಅಣ್ಣ ಬೇಡ ಎಂದ. ಮಾತು ಹತ್ತಿಕೊಂಡು, ಊಟದ ತಟ್ಟೆ ಬಿಟ್ಟು ಏಳುವ ತನಕ ಹೋಗಿ, ಕೊನೆಗೆ ಪಾಲಾಗಲಿ ಎಂದಾಯಿತು. ಲೋಕದಲ್ಲಿ ಯಾರಾದರೂ ಆಗಿದ್ದರೆ ಇಷ್ಟು ಎಂಜಿನ್ನು ನಿನಗೆ, ಇಷ್ಟು ನನಗೆ ಎನ್ನುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಬ್ಲಾಕುಗಳೆಲ್ಲ ನನಗಿರಲಿ, ಅವು ಇಲ್ಲದೆ ಅವನು ಏನು ಓಡಿಸುತ್ತಾನೋ ನೋಡುತ್ತೇನೆ ಎಂದುಕೊಂಡ ಅಣ್ಣ. ಹೆಡ್ಡುಗಳೆಲ್ಲ ನನಗಿರಲಿ, ಅವನೇ ಬಂದು ಬಾಗಿಲು ತಟ್ಟುತ್ತಾನೆ ಎಂದುಕೊಂಡ ತಮ್ಮ. ಇಬ್ಬರಿಗೂ ತಾನೇ ಗೆದ್ದೆ ಎನ್ನಿಸಿ ಆ ದಿನ ಸಮಾಧಾನದಿಂದಲೇ ಕೈತೊಳೆದುಕೊಂಡರು. ತಮ್ಮನು ಹೆಂಡತಿ ಮಗುವನ್ನು ಕರೆದುಕೊಂಡು ದೂರದ ಊರಿಗೆ ಹೋಗಿ ಷೆಡ್ಡು ಹಾಕಿದ. ಯಾರೂ ಯಾರ ಬಾಗಿಲನ್ನೂ ತಟ್ಟಲಿಲ್ಲ. ಈ ಮನೆಯಿಂದ ಆ ಮನೆಗೆ ಒಂದಕ್ಷರ ಹೋಗಕೂಡದು ಎಂದು ಮೇಸ್ತ್ರಿ ಅಂದೇ ಹೇಳಿದ್ದ. ದೊಡ್ಡ ಸೊಸೆ ಒಮ್ಮೆ ಅಂಗಡಿಯಿಂದ ಫೋನು ಮಾಡಿ ನೋಡಿದಳು. ಎತ್ತಿದವನು ಮೈದುನ, ಅತ್ತಿಗೆಯ ದನಿ ಕೇಳಿದೊಡನೆ ಇಟ್ಟುಬಿಟ್ಟ.

ವ್ಯಾನಿನ ಹೆಡ್ಡು ಬಿಚ್ಚಿದ ಆ ರಾತ್ರಿ ಊಟಕ್ಕೆ ದೊಡ್ಡ ಸೊಸೆ ಆಲೂಗಡ್ಡೆ ಬೇಯಿಸಿದ್ದಳು. ಲಾಂಡ್ರಿಯವನು ಕೆಲವು ದಿನ ಬೇರೆ ಗಾಡಿ ಇಟ್ಟುಕೊಳ್ಳುತ್ತಾನಂತೆ, ಅಷ್ಟರೊಳಗೆ ವ್ಯಾನು ರಸ್ತೆಗಿಳಿಯದಿದ್ದರೆ ಕೆಲಸ ಆ ಗಾಡಿಯವನಿಗೇ ಎಂದು ಮಗಳು ಹೇಳಿದಳು.

"ಹೋದ್ರೆ ಹೋಗ್ಲಿ. ಮನೇಲಿರು," ಎಂದ ಮೇಸ್ತ್ರಿ.

"ಮನೇಲಿದ್ದು ಏನ್ ಮಾಡ್ಲಿ? ನಿನ್ನ ಬ್ಲಾಕುಗಳ ಸಾಲಲ್ಲಿ ನಾನೂ ಒಂದು ಕೂತ್ಕೊಳ್ಲಾ?"

ಮೇಸ್ತ್ರಿಯ ತಾಯಿ, ಅಂದರೆ ಹುಡುಗಿಯ ಅಜ್ಜಿ, ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಕೆಮ್ಮೋ ತಿಳಿಯಲಿಲ್ಲ.

ಚಿಕ್ಕಪ್ಪನನ್ನು ಒಂದು ಮಾತು ಕೇಳಿದರೆ ಬಾಯಿ ಸವೆಯುತ್ತದೆಯೇ ಎಂದು ದೊಡ್ಡ ಸೊಸೆ ಮೆಲ್ಲಗೆ ಮಾತು ಎತ್ತಿದಳು. ಮೇಸ್ತ್ರಿ ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ತಳ್ಳಿದ. ಅಜ್ಜಿ, ಅವನು ಚಿಕ್ಕವನು, ಮೊದಲು ಅವನೇ ಬರಲಿ ಎಂದು ದೊಡ್ಡ ಮಗನ ಕಡೆಗೇ ವಾಲಿದಳು. ಮಾತು ಅಲ್ಲಿಗೆ ನಿಂತಿತು.

ಮಾರನೆಯ ವಾರ ಸ್ಪ್ರಿಂಗು ಬಂದ. ಪುಟ್ಟ ಲಾರಿಯಲ್ಲಿ ಬಿಡಿಭಾಗಗಳನ್ನು ತುಂಬಿಕೊಂಡು ಊರೂರು ಸುತ್ತುವವನು ಅವನು. ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ಆ ಹೆಸರು. ಅಣ್ಣನ ಮನೆಯಲ್ಲೂ ಚಹಾ ಕುಡಿಯುತ್ತಾನೆ, ತಮ್ಮನ ಮನೆಯಲ್ಲೂ ಕುಡಿಯುತ್ತಾನೆ. ಮೇಸ್ತ್ರಿ ಷೆಡ್ಡಿನ ಹಿಂದೆ ಇದ್ದಾನೆಂದು ಖಾತ್ರಿ ಮಾಡಿಕೊಂಡು ದೊಡ್ಡ ಸೊಸೆ, ನಡುವಿನವಳ ಹೆಡ್ಡು ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದಳು.

"ಎಲ್ಲಿ ಸಿಗುತ್ತೆ ಅಕ್ಕ? ಸುತ್ತಮುತ್ತ ಇರೋವೆಲ್ಲ ನಿಮ್ಮ ಮೈದುನನ ಅಟ್ಟದ ಮೇಲಿವೆ. ಎಣ್ಣೆ ಹಚ್ಚಿ, ಹಳೇ ಬೆಡ್‌ಶೀಟಲ್ಲಿ ಸುತ್ತಿ, ಮಕ್ಕಳನ್ನ ಮಲಗಿಸಿದ ಹಾಗೆ ಮಲಗಿಸಿದ್ದಾನೆ. ಅವನಿಗೆ ಬ್ಲಾಕಿಲ್ಲ. ಒಂದು ಗಾಡಿ ಅಂಗಳದಲ್ಲಿ ಹಾಗೇ ನಿಂತಿದೆ, ಅದರೊಳಗೆ ಕೋಳಿ ಮೊಟ್ಟೆ ಇಡ್ತಿದೆ."

"ಅವಳು ಹೇಗಿದ್ದಾಳೆ?"

ಯಾರೆಂದು ಸ್ಪ್ರಿಂಗು ಕೇಳಲಿಲ್ಲ. ನಿಮ್ಮ ವಾರಗಿತ್ತಿಯೂ ಹೀಗೇ, ಅವಳ ಗಂಡ ಒಳಗಿಲ್ಲ ಎಂದು ನೋಡಿಕೊಂಡು ನಿಮ್ಮನ್ನು ಕೇಳುತ್ತಾಳೆ ಎಂದ.

ಆ ಮಧ್ಯಾಹ್ನ ದೊಡ್ಡ ಸೊಸೆ ಹಿಟ್ಟಿನ ಡಬ್ಬಗಳ ಹಿಂದಿನಿಂದ ಒಂದು ಕಾಗದ ತೆಗೆದಳು. ಚಿಕ್ಕ ಸೊಸೆಗೆ ಬರೆದದ್ದು. ಅವರು ಮನೆ ಬಿಟ್ಟ ತಿಂಗಳಲ್ಲೇ ಶುರು ಮಾಡಿದ್ದಳು, ಪೆನ್ಸಿಲಿನಲ್ಲಿ. 'ತಂಗಿ, ಮಗುವಿಗೆ ಹಲ್ಲು ಬಂತಾ? ರಾತ್ರಿ ಅಳುತ್ತಾ?' ಎಂದಿತ್ತು ಮೊದಲ ಸಾಲು. ಅದರ ಕೆಳಗೆ ನೀಲಿ ಶಾಯಿಯಲ್ಲಿ ಎರಡು ಸಾಲು, ಯಾವುದೋ ಮಳೆಗಾಲದ್ದು. ಅದರ ಕೆಳಗೆ ಕಪ್ಪು ಶಾಯಿ, ಅತ್ತೆ ಬಿದ್ದು ಕೈ ಮುರಿದುಕೊಂಡ ಸುದ್ದಿ. ಕೈ ಕೂಡಿಕೊಂಡು ಎಷ್ಟೋ ಕಾಲವಾಗಿತ್ತು. ಓದಿದಳು. ಮತ್ತೆ ಮಡಿಸಿ ಅಲ್ಲೇ ಇಟ್ಟಳು.

ಮೇಸ್ತ್ರಿ ಸುಮ್ಮನೆ ಕೂತಿರಲಿಲ್ಲ. ಗುಜರಿಯಲ್ಲಿ ಬಿದ್ದಿದ್ದ ಕಾರೊಂದರಿಂದ ದೊಡ್ಡವಳ ಹೆಡ್ಡೊಂದನ್ನು ಬಿಚ್ಚಿ ತಂದ. ಅದನ್ನು ನಡುವಿನವಳ ಬ್ಲಾಕಿನ ಮೇಲೆ ಇಟ್ಟರೆ ಬೋಲ್ಟಿನ ತೂತುಗಳೆಲ್ಲ ಸರಿಯಾಗಿ ಕೂರುತ್ತವೆ, ನೋಡಿದವರು ಒಂದಕ್ಕೊಂದು ಹೇಳಿ ಮಾಡಿಸಿದ್ದು ಎನ್ನಬೇಕು. ಆದರೆ ದೊಡ್ಡವಳ ವಾಲ್ವು ಅಗಲ. ತೆರೆದುಕೊಳ್ಳುವಾಗ ನಡುವಿನವಳ ಬ್ಲಾಕಿನ ಅಂಚಿಗೆ ಬಡಿಯುತ್ತದೆ. ಬಡಿಯದಿರಬೇಕಾದರೆ ಬ್ಲಾಕಿನ ಅಂಚನ್ನು ಅಷ್ಟಷ್ಟು ಕೊರೆಯಬೇಕು. ವ್ಯಾನಿನ ಬ್ಲಾಕು ಅವನ ಅಪ್ಪ ತನ್ನ ಕೈಯಾರೆ ಸಿದ್ಧ ಮಾಡಿ ಮೊಮ್ಮಗಳಿಗೆಂದು ಎತ್ತಿಟ್ಟದ್ದು. ಅದಕ್ಕಾಗಲಿ, ಸಾಲಿನಲ್ಲಿದ್ದ ಅಪ್ಪನ ಕಾಲದ ಬೇರೆ ಬ್ಲಾಕುಗಳಿಗಾಗಲಿ ಕೊರೆಯುವ ಕಲ್ಲು ಮುಟ್ಟಿಸಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ತಮ್ಮನನ್ನು ಕೇಳಲೂ ಮನಸ್ಸಿಲ್ಲ.

ಅದಕ್ಕೆ ಅವನು ಮಾಡಿದ್ದು ಹೀಗೆ. ಹೆಡ್ಡಿಗೂ ಬ್ಲಾಕಿಗೂ ನಡುವೆ ತಾಮ್ರ ಹೊದಿಸಿದ ತೆಳು ಹಾಳೆಯೊಂದು ಇರುತ್ತದೆ. ಅದೇ ಗ್ಯಾಸ್ಕೆಟ್ಟು. ಒಂದು ಹಾಕುವಲ್ಲಿ ಎರಡು ಹಾಕಿದ. ಹೆಡ್ಡು ಅಷ್ಟು ಮೇಲಕ್ಕೆದ್ದಿತು, ವಾಲ್ವು ಬಡಿಯುವುದು ನಿಂತಿತು. ತಾನು ಕೆಲಸ ಕಲಿಸಿದವರಿಗೆಲ್ಲ ಅವನು ಮೊದಲ ದಿನವೇ ಹೇಳುತ್ತಿದ್ದ ಮಾತಿತ್ತು, ಎರಡು ಗ್ಯಾಸ್ಕೆಟ್ಟು ಹಾಕುವವನು ಸ್ಪ್ಯಾನರು ಅಲ್ಲೇ ಇಟ್ಟು ಮನೆಗೆ ಹೋಗಬಹುದು ಎಂದು. ಈಗ ಯಾರಿಗೂ ಏನೂ ಹೇಳದೆ ನಟ್ಟುಗಳನ್ನು ಬಿಗಿದು, ತೊಳೆದ ಟ್ಯಾಪೆಟ್ ಕವರು ಮುಚ್ಚಿ, ಕೀಲಿಕೈಯನ್ನು ಮಗಳ ಕೈಗಿಟ್ಟ.

"ಹೆಡ್ಡು ಎಲ್ಲಿ ಸಿಕ್ತು?" ಎಂದು ಹೆಂಡತಿ ಕೇಳಿದಳು.

"ಸಿಕ್ತು. ನಿನ್ನ ಮೈದುನ ಇಲ್ಲದೆ ಲೋಕ ನಿಂತಿಲ್ಲ."

ಒಂದು ವಾರ ವ್ಯಾನು ಓಡಿತು. ಏರು ಬಂದರೆ ಏದುಸಿರು ಬಿಡುತ್ತಿತ್ತು, ಆದರೂ ಓಡಿತು. ಮೇಸ್ತ್ರಿ ಆ ವಾರ ಊಟಕ್ಕೆ ಕೂತಾಗ ಎರಡು ಸಲ ಕೇಳಿ ಬಡಿಸಿಕೊಂಡ. ಮೊಟ್ಟೆ ಚೆನ್ನಾಗಿದೆ ಎಂದೂ ಹೇಳಿದ. ಇಷ್ಟು ವರ್ಷದಲ್ಲಿ ಅವನು ಮೊಟ್ಟೆಯ ಬಗ್ಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಎಂಟನೆಯದೋ ಒಂಬತ್ತನೆಯದೋ ದಿನ ಆಸ್ಪತ್ರೆಯ ಹೆಬ್ಬಾಗಿಲಲ್ಲೇ ವ್ಯಾನು ಬುಸುಗುಟ್ಟಿ ನಿಂತಿತು. ಒಂದು ಕಡೆಯಿಂದ ಬಿಸಿನೀರು, ಇನ್ನೊಂದು ಕಡೆಯಿಂದ ಎಣ್ಣೆ. ಹಿಂದೆ ರೋಗಿಯನ್ನು ಹೊತ್ತ ಆಂಬುಲೆನ್ಸು ಹಾರ್ನು ಹೊಡೆಯುತ್ತಿತ್ತು. ಮಗಳೂ ಕಾವಲಿನವನೂ ಸೇರಿ ವ್ಯಾನನ್ನು ಪಕ್ಕಕ್ಕೆ ತಳ್ಳಿದರು. ಅವಳು ಬಾನೆಟ್ಟು ಎತ್ತಿ ಬಗ್ಗಿ ನೋಡಿದಳು. ಹೆಡ್ಡಿನ ಕೆಳಗೆ ಒಂದು ತಾಮ್ರದ ಗೆರೆ ಕಾಣಬೇಕಾದಲ್ಲಿ ಎರಡು ಕಂಡವು. ಅವಳು ಹುಟ್ಟಿದ್ದು ಆ ಷೆಡ್ಡಿನಲ್ಲಿ. ಎರಡು ಗೆರೆಯ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಮನೆಗೆ ಬಂದವಳು ಕೈ ತೊಳೆಯಲಿಲ್ಲ. ಅಪ್ಪ ಬ್ರೆಡ್ಡನ್ನು ಬೇಳೆ ಸಾರಿಗೆ ಅದ್ದಿಕೊಂಡು ತಿನ್ನುತ್ತಿದ್ದ. ಎದುರಿಗೆ ನಿಂತು ಕೇಳಿದಳು.

"ಎರಡು ಹಾಕಿದ್ದೀಯ?"

ಮೇಸ್ತ್ರಿ ಇನ್ನೊಂದು ತುಂಡು ಬ್ರೆಡ್ಡು ಮುರಿದ.

"ಎರಡು ಹಾಕಿ ನನ್ನನ್ನ ರಸ್ತೆಗೆ ಬಿಟ್ಟೆ. ಚಿಕ್ಕಪ್ಪನ್ನ ಕೇಳೋಕಿಂತ ನಾನು ದಾರೀಲಿ ನಿಂತ್ರೂ ಪರವಾಗಿಲ್ಲ ಅಂತ."

"ಇನ್ನೊಂದೆರಡು ತಿಂಗಳು ಬರಬೇಕಿತ್ತು ಅದು," ಎಂದ ಮೇಸ್ತ್ರಿ.

"ಆಮೇಲೆ?"

ಸಾರಿಗೆ ಉಪ್ಪಿಲ್ಲ ಎಂದ ಮೇಸ್ತ್ರಿ. ಉಪ್ಪು ಸರಿಯಾಗಿಯೇ ಇತ್ತು. ಅಜ್ಜಿ ತನ್ನ ಬಟ್ಟಲಿನಿಂದ ಒಂದು ಚಮಚ ಕುಡಿದು ನೋಡಿ, ಮಗನ ಮುಖ ನೋಡಿ, ಬಟ್ಟಲು ಕೆಳಗಿಟ್ಟಳು. "ನಿಮ್ಮಪ್ಪ ಹೇಳ್ತಿದ್ರು, ಆ ಎಂಜಿನ್ನಲ್ಲಿ ನಡುವಿನ ಎರಡು ಸಿಲಿಂಡರಿಗೂ ಹೊಗೆ ಹೋಗೋಕೆ ಒಂದೇ ದಾರಿ ಅಂತೆ, ಅದಕ್ಕೇ ಬಿರುಕು ಬಿಟ್ರೆ ಅಲ್ಲೇ ಅಂತ. ನಾನು ಹೆತ್ತ ಎರಡೂ ಅದೇ ಜಾತಿ," ಎಂದಳು.

ಲಾಂಡ್ರಿಯವನು ಮಗಳಿಗೆ ಹದಿನೈದು ದಿನದ ಗಡುವು ಕೊಟ್ಟ. ಅದೂ ಅವಳು ಅವನ ಮೇಜಿನ ಎದುರು ನಿಂತು, ಕೊಡದೆ ಕದಲುವುದಿಲ್ಲ ಎಂದ ಮೇಲೆ.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬಿಚ್ಚಿದ ಭಾಗಗಳನ್ನು ಎಂದಿನಂತೆ ಅಡುಗೆಮನೆಯ ಹಿಂಬಾಗಿಲಿಗೆ ತಂದಿಟ್ಟ. ಸಂಜೆ ನೋಡಿದರೆ ಅವು ಹಾಗೇ ಇದ್ದವು. ತಟ್ಟೆ ಲೋಟ ಫಳಫಳ ಹೊಳೆಯುತ್ತಿದ್ದವು.

"ಇವನ್ನ ತೊಳೆದಿಲ್ಲ," ಎಂದ.

"ಇಲ್ಲ."

"ಮೈ ಸರಿ ಇಲ್ವಾ?"

"ಮೈ ಚೆನ್ನಾಗಿದೆ. ಇವತ್ತಿಂದ ಅಡುಗೆಮನೆ ಪಾತ್ರೆ ಮಾತ್ರ ನಂದು. ಷೆಡ್ಡಿಂದು ನೀವೇ ತೊಳ್ಕೊಳ್ಳಿ."

ಒಂದೆರಡು ದಿನದ ಮುನಿಸು, ತಾನೇ ಇಳಿಯುತ್ತದೆ ಎಂದುಕೊಂಡ ಮೇಸ್ತ್ರಿ. ಇಳಿಯಲಿಲ್ಲ. ಬಾಗಿಲ ಬಳಿ ಗುಡ್ಡೆ ಬೆಳೆಯಿತು. ಪಿಸ್ಟನ್ನುಗಳು, ಎಣ್ಣೆಯ ತಳತಟ್ಟೆ, ಜಿಡ್ಡು ಹಿಡಿದ ಸ್ಪ್ರಿಂಗುಗಳು. ನೊಣ ಬಂದವು. ಹಾಲಿನವಳು ಕಾಲು ಸಿಕ್ಕಿಸಿಕೊಂಡು ಎಡವಿದಳು. ಮೇಸ್ತ್ರಿ ತಾನೇ ಒಂದು ಸಂಜೆ ಸೀಮೆಎಣ್ಣೆ ಹಿಡಿದು ಕೂತ. ಅರ್ಧ ಗಂಟೆ ಉಜ್ಜಿ, ಬೆರಳ ಸಂದಿಯಲ್ಲೆಲ್ಲ ಕಪ್ಪು ಮಾಡಿಕೊಂಡು, ಇದಕ್ಕೆ ಬ್ರಷ್ಷು ಯಾವುದು ಎಂದು ಕೇಳಿದ. ಅವಳು ಆಲೂಗಡ್ಡೆ ಹೆಚ್ಚುತ್ತಲೇ, ಎರಡಿವೆ, ಯಾವುದು ಎಂದು ನೀವೇ ಕಂಡುಕೊಳ್ಳಿ ಎಂದಳು.

ಅತ್ತೆಗೆ ಇದನ್ನೆಲ್ಲ ನೋಡುತ್ತ ಕೂರುವುದೇ ಒಂದು ಕೆಲಸವಾಯಿತು. ಪಕ್ಕದ ಮನೆಯವಳು ಸೊಸೆಯ ಬಗ್ಗೆ ಏನೋ ಕೆಣಕಿ ಕೇಳಿದ್ದಕ್ಕೆ ಹೇಳಿದಳಂತೆ. "ನಮ್ಮ ಕಾಲದಲ್ಲಿ ಸೊಸೆಯಂದಿರು ಅಳ್ತಿದ್ರು, ಯಾರೂ ತಿರುಗಿ ನೋಡ್ತಿರಲಿಲ್ಲ. ಇವಳು ತೊಳೆಯೋದು ಬಿಟ್ಟಳು, ಮನೆಯೆಲ್ಲ ತಿರುಗಿ ನೋಡ್ತಿದೆ. ನನಗೆ ಇದು ಆಗ ಹೊಳೀಲಿಲ್ಲ ನೋಡು."

ಗಡುವು ಹತ್ತಿರ ಬಂದಂತೆ ಮಗಳು ದಿನಾ ವ್ಯಾನಿನ ಧೂಳು ಒರೆಸುತ್ತಿದ್ದಳು, ಅದು ನಾಳೆಯೇ ಹೊರಡುವುದೇನೋ ಎಂಬಂತೆ. ಒಂದು ಮಧ್ಯಾಹ್ನ ತಾಯಿ ಅವಳ ಪಕ್ಕ ಬಂದು ನಿಂತಳು. ನಾಳೆ ಸ್ಪ್ರಿಂಗು ಬರುತ್ತಾನೆ, ಬ್ಲಾಕೊಂದನ್ನು ಎತ್ತಲು ನಿನ್ನ ಕೈ ಬೇಕು ಎಂದಳು. ಏಕೆ ಎಂದು ಮಗಳು ಕೇಳಿದಳು.

"ಹೆಡ್ಡು ಕೊಡು ಅಂತ ನಾನು ಬೇಡಲ್ಲ. ಬ್ಲಾಕು ಕಳಿಸ್ತೀನಿ. ಅವರಿಗೂ ಅದಿಲ್ಲದೆ ಗಾಡಿ ನಿಂತಿದೆ. ಬ್ಲಾಕು ಮನೆ ಮುಂದೆ ಇಳಿದ ಮೇಲೆ ಹೆಡ್ಡು ಕೊಡದೆ ಹೇಗಿರ್ತಾನೋ ನೋಡೋಣ."

"ಅಪ್ಪ?"

"ಅಪ್ಪನ ಎದುರಿಗೇ. ಕದ್ದು ಕಳಿಸೋಕೆ ನಾನೇನು ಕಳ್ಳಿಯಾ?"

ಮರುದಿನ ಹಾಡುಹಗಲಲ್ಲೇ ತಾಯಿ ಮಗಳು ಷೆಡ್ಡಿಗೆ ಹೋದರು. ದೊಡ್ಡ ಸೊಸೆ ಸಾಲಿನಲ್ಲಿದ್ದ ನಡುವಿನವಳ ಬ್ಲಾಕುಗಳನ್ನೆಲ್ಲ ಕೈಯಾಡಿಸಿ ನೋಡಿ, ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿದಳು. ಸಿಲಿಂಡರಿನ ಒಳಗೋಡೆಗೆಲ್ಲ ಎಣ್ಣೆ ಸವರಿದಳು. ಕಾರಿನ ಕೆಳಗೆ ಮಲಗಿ ಸರಿಯಲು ಇಟ್ಟುಕೊಂಡಿದ್ದ ಚಕ್ರದ ಹಲಗೆಯ ಮೇಲೆ ಇಬ್ಬರೂ ಅದನ್ನು ಉರುಳಿಸಿದರು. ಅಜ್ಜಿ ತನ್ನ ಪೆಟ್ಟಿಗೆಯಿಂದ ಹಳೆಯ ಬೆಡ್‌ಶೀಟೊಂದನ್ನು ಹುಡುಕಿ ತಂದಳು. ಅಲ್ಲಿ ಹೆಡ್ಡುಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದಾನಂತೆ, ನಮ್ಮದು ಬತ್ತಲೆ ಹೋಗಬಾರದು ಎಂದಳು.

ಸುತ್ತುವ ಮೊದಲು ದೊಡ್ಡ ಸೊಸೆ ಆ ಕಾಗದ ತೆಗೆದಳು. ಹಲಗೆಯ ಅಂಚಿನ ಮೇಲೆಯೇ ಇಟ್ಟು ಬರೆದಳು. ಹಲ್ಲಿನ ಸಾಲನ್ನು ಅಳಿಸಲಿಲ್ಲ, ಪಕ್ಕದಲ್ಲಿ 'ಈಗ ಆ ಹಲ್ಲು ಬಿದ್ದು ಬೇರೆ ಬಂದಿರಬೇಕು' ಎಂದು ಸೇರಿಸಿದಳು. ಕೆಳಗೆ ಹೀಗೆ ಬರೆದಳು. 'ಬ್ಲಾಕು ಕಳಿಸಿದ್ದೇನೆ. ನಡುವಿನವಳ ಹೆಡ್ಡೊಂದು ಇದೇ ಲಾರಿಯಲ್ಲಿ ಕಳಿಸು. ನಿನ್ನ ಗಂಡನನ್ನು ಕೇಳಬೇಡ, ನಾನು ನನ್ನ ಗಂಡನನ್ನು ಕೇಳಿಲ್ಲ. ಇನ್ನು ಮೇಲೆ ಬ್ಲಾಕು ಹೆಡ್ಡು ನಾವೇ ನೋಡಿಕೊಳ್ಳೋಣ.' ಮಡಿಸಿ, ಗ್ಯಾಸ್ಕೆಟ್ಟು ಸುತ್ತಿ ಬರುವ ಮೇಣದ ಕಾಗದದಲ್ಲಿಟ್ಟು, ಎರಡನೆಯ ಸಿಲಿಂಡರಿನೊಳಗೆ ತೂರಿಸಿದಳು.

ಹಲಗೆ ಗಡಗಡ ಎನ್ನುತ್ತ ಬಾಗಿಲಿಗೆ ಬಂತು. ಮೇಸ್ತ್ರಿ ಅಡ್ಡ ನಿಂತಿದ್ದ. ಬೀದಿಯಲ್ಲಿ ಸ್ಪ್ರಿಂಗು ಲಾರಿಯ ಹಿಂಬಾಗಿಲು ತೆರೆದು, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ನಿಂತಿದ್ದ.

"ಅದು ಅಪ್ಪನ ಕಾಲದ್ದು," ಎಂದ ಮೇಸ್ತ್ರಿ.

"ಅಲ್ಲಿರೋ ಹೆಡ್ಡುಗಳೂ ಅಪ್ಪನ ಕಾಲದ್ದೇ."

"ಇದು ಹೊಸಿಲು ದಾಟಿದ್ರೆ ನೀನೂ ಇದರ ಜೊತೆಗೇ ಹೋಗು."

ದೊಡ್ಡ ಸೊಸೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು.

"ಹೋಗ್ತೀನಿ. ಅಲ್ಲಿ ಹೆಡ್ಡಿದೆ, ಈಗ ಬ್ಲಾಕೂ ಬರುತ್ತೆ, ತೊಳೆಯೋಕೆ ನಾನೂ ಇರ್ತೀನಿ. ಅವರ ಷೆಡ್ಡು ಓಡುತ್ತೆ. ನಿಮ್ಮದು ಹೇಗೆ ಓಡುತ್ತೆ, ಹೇಳಿ."

ಮೇಸ್ತ್ರಿಯ ಕಣ್ಣು ಹಿಂಬಾಗಿಲ ಬಳಿಯ ಗುಡ್ಡೆಯ ಕಡೆ ಹೋಯಿತು. ಅಲ್ಲಿಂದ ಸಾಲಾಗಿ ಕೂತ ಬ್ಲಾಕುಗಳ ಕಡೆ, ಅಲ್ಲಿಂದ ವ್ಯಾನಿನ ಕಡೆ ಹೋಯಿತು. ಮಗಳು ಹಲಗೆಯನ್ನು ಹಿಡಿದ ಕೈ ಬಿಡಲಿಲ್ಲ.

"ದಾರಿ ಬಿಡೋ," ಎಂದಳು ಅಜ್ಜಿ ಒಳಗಿನಿಂದ. "ಹೆಂಗಸರು ಭಾರ ಎಳೀತಿದ್ದಾರೆ, ಕಾಣಲ್ವಾ?"

ಅವನು ಸರಿದ. ಕೈ ಕೊಡಲಿಲ್ಲ, ಆದರೆ ಸರಿದ. ತಾಯಿ, ಮಗಳು, ಸ್ಪ್ರಿಂಗು ಮೂವರೂ ಉಸಿರು ಬಿಗಿಹಿಡಿದು ಬ್ಲಾಕನ್ನು ಲಾರಿಗೆ ಏರಿಸಿದರು. ಮಾಲಿನ ಜೊತೆಗೆ ಬಾಯಲ್ಲಿ ಏನಾದರೂ ಹೇಳಬೇಕೇ ಎಂದು ಸ್ಪ್ರಿಂಗು ಕೇಳಿದ. ಹೇಳುವುದೆಲ್ಲ ಎರಡನೆಯ ಸಿಲಿಂಡರಿನಲ್ಲಿದೆ, ನಿನ್ನ ಬಾಯಿಗೆ ಈ ಸಲ ಕೆಲಸವಿಲ್ಲ ಎಂದಳು ದೊಡ್ಡ ಸೊಸೆ.

ಲಾರಿ ಸ್ಟಾರ್ಟಾಯಿತು. ಮೇಸ್ತ್ರಿ ಬೀದಿಗೆ ಇಳಿದು ಬಂದು ಹೆಂಡತಿಯ ಹಿಂದೆ ನಿಂತ. ಲಾರಿಯ ಸದ್ದಿನಲ್ಲಿ ಮುಚ್ಚಿಹೋಗಲಿ ಎನ್ನುವಷ್ಟು ಸಣ್ಣ ದನಿಯಲ್ಲಿ ಕೇಳಿದ.

"ಕಾಗದದಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀಯ?"

ಅವಳು ತಿರುಗಲಿಲ್ಲ. ಲಾರಿ ಬೀದಿಯ ತಿರುವು ದಾಟುವವರೆಗೂ ಅದನ್ನೇ ನೋಡುತ್ತಿದ್ದಳು.

"ನಿಮ್ಮ ಬಗ್ಗೆ ಏನೂ ಇಲ್ಲ," ಎಂದಳು. "ಹೆಡ್ಡಿನ ಬಗ್ಗೆ ಇದೆ."